ಬಳ್ಳಾರಿ ಬಿಸಿಲಲ್ಲಿ ಹೈಬ್ರಿಡ್ ಕಾರು: ಬಾಡಿಗೆಗೆ ತಂದು ಓಡಿಸಿ ನೋಡಿದ್ದು

ಪೆಟ್ರೋಲ್ ಎಂಜಿನ್ ಜೊತೆಗೆ ಕರೆಂಟಿನ ಮೋಟರೂ ಇರುವ ಹೈಬ್ರಿಡ್ ಕಾರು ಕೊಳ್ಳಬೇಕೋ ಬೇಡವೋ ಅಂತ ನಮ್ಮ ಮನೆಯಲ್ಲಿ ಬಹಳ ದಿನದಿಂದ ಮಾತು ನಡೆದಿತ್ತು. ಮೈಲೇಜ್ ಬಗ್ಗೆ ಯಾರಿಗೂ ಅನುಮಾನ ಇರಲಿಲ್ಲ. ಇದ್ದ ಅನುಮಾನವೆಲ್ಲ ಬಿಸಿಲಿನದ್ದೇ. ನಮ್ಮದು ಬಳ್ಳಾರಿ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಇಲ್ಲಿ 40 ಡಿಗ್ರಿ ದಾಟುವುದು ದೊಡ್ಡ ಸುದ್ದಿಯೇನಲ್ಲ. ಅಂಥ ಬಿಸಿಲಲ್ಲಿ ಎರಡು ಮೂರು ತಾಸು ನಿಂತ ಗಾಡಿ ಎಷ್ಟು ಬೇಗ ತಣ್ಣಗಾಗುತ್ತದೆ, ಎಂಜಿನ್ ಆಫ್ ಆದಾಗ ಎಸಿ ಏನಾಗುತ್ತದೆ, ಹಿಂದೆ ಕೂತಿರುವ ಬ್ಯಾಟರಿ ಈ ಕಾವನ್ನು ತಡೆಯುತ್ತದಾ? ಶೋರೂಮಿನ ಟೆಸ್ಟ್ ಡ್ರೈವ್‌ನಲ್ಲಿ ಇದ್ಯಾವುದೂ ಗೊತ್ತಾಗುವುದಿಲ್ಲ. ನೆರಳಲ್ಲಿ ನಿಲ್ಲಿಸಿ, ಮೊದಲೇ ಎಸಿ ಹಾಕಿ ತಂಪು ಮಾಡಿದ ಗಾಡಿಯನ್ನು ಕೊಡುತ್ತಾರೆ, ಒಂದು ಸುತ್ತು ಹೊಡೆದು ಬರುವಷ್ಟರಲ್ಲಿ ಮುಗಿಯಿತು. ಅದಕ್ಕೇ ಬೆಂಗಳೂರಿನಿಂದ ಸೆಲ್ಫ್ ಡ್ರೈವ್ ಬಾಡಿಗೆಗೆ ಒಂದನ್ನು ತಂದು, ಮೇ ತಿಂಗಳಲ್ಲೇ, ನಮ್ಮೂರಲ್ಲೇ ಓಡಿಸಿ ನೋಡಿಬಿಡೋಣ ಅಂತ ತೀರ್ಮಾನ ಮಾಡಿದೆ.

ತಂದದ್ದು ಟೊಯೊಟಾ ಹೈರೈಡರ್, ಸ್ಟ್ರಾಂಗ್ ಹೈಬ್ರಿಡ್, ಅಂದರೆ ಸ್ವಲ್ಪ ದೂರ ಎಂಜಿನ್ ಇಲ್ಲದೆ ಬರೀ ಮೋಟರಿನಲ್ಲೇ ಓಡಬಲ್ಲದು. ನಮ್ಮ ಬಿಡದಿಯಲ್ಲೇ ತಯಾರಾಗುವ ಗಾಡಿ ಇದು. ಇದರ ಜೊತೆಯ ಮಾರುತಿ ಗ್ರಾಂಡ್ ವಿಟಾರಾ ಕೂಡ ಅಲ್ಲೇ ತಯಾರಾಗುತ್ತದೆ. 1.5 ಲೀಟರಿನ ಮೂರು ಸಿಲಿಂಡರ್ ಪೆಟ್ರೋಲ್ ಎಂಜಿನ್, ಜೊತೆಗೆ ಎಲೆಕ್ಟ್ರಿಕ್ ಮೋಟರ್, ಎರಡೂ ಸೇರಿ ಸುಮಾರು 115 ಹಾರ್ಸ್ ಪವರ್. ಬ್ಯಾಟರಿ ತೀರಾ ಚಿಕ್ಕದು, 0.76 ಕಿಲೋವ್ಯಾಟ್ ಅವರ್ ಅಷ್ಟೇ. ಪ್ಲಗ್ ಹಾಕಿ ಚಾರ್ಜ್ ಮಾಡುವ ಗೊಡವೆ ಇಲ್ಲ. ಎಂಜಿನ್ ಓಡುವಾಗ, ಬ್ರೇಕ್ ಹಾಕುವಾಗ ತಾನೇ ತುಂಬಿಕೊಳ್ಳುತ್ತದೆ.

ಬುಕ್ ಮಾಡುವಾಗ ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಬಾಡಿಗೆಯವರ ಪಟ್ಟಿಯಲ್ಲಿ 'ಹೈಬ್ರಿಡ್' ಅಂತ ಇದ್ದರೆ ಸಾಲದು, ಮೈಲ್ಡ್ ಹೈಬ್ರಿಡ್ ಗಾಡಿಗೂ ಅದೇ ಹೆಸರು ಹಾಕಿರುತ್ತಾರೆ. ಮೈಲ್ಡ್ ಹೈಬ್ರಿಡ್ ಅಂದರೆ ಚಿಕ್ಕ ಮೋಟರ್ ಎಂಜಿನ್‌ಗೆ ಸ್ವಲ್ಪ ಕೈ ಜೋಡಿಸುತ್ತದೆ, ಅಷ್ಟೇ. ಅದರ ಎಸಿ ಕಂಪ್ರೆಸರ್ ತಿರುಗುವುದು ಎಂಜಿನ್ನಿನ ಬೆಲ್ಟಿನಿಂದ. ಸಿಗ್ನಲ್ಲಲ್ಲಿ ಎಂಜಿನ್ ಆಫ್ ಆದರೆ ಕಂಪ್ರೆಸರೂ ನಿಲ್ಲುತ್ತದೆ, ಫ್ಯಾನಿನ ಗಾಳಿ ಮಾತ್ರ ಬರುತ್ತದೆ, ನಮ್ಮ ಬಿಸಿಲಿಗೆ ಆ ಗಾಳಿ ಬಿಸಿಯಾಗಲು ಎಷ್ಟು ಹೊತ್ತು ಬೇಕು ಹೇಳಿ. ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಕಂಪ್ರೆಸರ್ ಕರೆಂಟಿನದು, ಹೈಬ್ರಿಡ್ ಬ್ಯಾಟರಿಯಿಂದ ಓಡುತ್ತದೆ, ಎಂಜಿನ್ ಇರಲಿ ಬಿಡಲಿ ಅದರ ಪಾಡಿಗೆ ಅದು ತಣ್ಣನೆ ಗಾಳಿ ಕೊಡುತ್ತದೆ. ಬಿಸಿಲ ನಾಡಿನವರು ಹೈಬ್ರಿಡ್ ನೋಡಬೇಕಾದ ಮೊದಲ ಕಾರಣ ಇದೇ, ಮೈಲೇಜ್ ಆಮೇಲಿನದು ಅಂತ ನನ್ನ ಅಭಿಪ್ರಾಯ. ಹಾಗಾಗಿ ಗಾಡಿಯ ಪೂರ್ತಿ ಮಾಡೆಲ್ ಹೆಸರು ಕೇಳಿ, ಡ್ಯಾಶ್‌ಬೋರ್ಡಿನ ಫೋಟೋ ಕಳಿಸಿ ಅನ್ನಿ. ಆರ್‌ಪಿಎಂ ಮುಳ್ಳಿನ ಜಾಗದಲ್ಲಿ ಚಾರ್ಜ್, ಇಕೋ, ಪವರ್ ಅಂತ ತೋರಿಸುವ ಮೀಟರ್ ಇದ್ದರೆ ಅದು ಸ್ಟ್ರಾಂಗ್ ಹೈಬ್ರಿಡ್.

ಇನ್ನೊಂದು, ನಂಬರ್ ಪ್ಲೇಟ್ ನೋಡಿ. ಸೆಲ್ಫ್ ಡ್ರೈವ್ ಬಾಡಿಗೆಗೆ ಪರವಾನಗಿ ಇರುವ ಗಾಡಿಗೆ ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರ ಇರುತ್ತದೆ. ಯಾರದೋ ಸ್ವಂತ ವೈಟ್ ಬೋರ್ಡ್ ಗಾಡಿಯನ್ನು ಕಡಿಮೆ ದುಡ್ಡಿಗೆ ಕೊಡುತ್ತೇನೆ ಅಂದರೆ ಹೋಗಬೇಡಿ, ದಾರಿಯಲ್ಲಿ ಏನಾದರೂ ಆದರೆ ಇನ್ಶೂರೆನ್ಸ್ ಸಿಗುವುದು ಕಷ್ಟ. ಕಿಲೋಮೀಟರ್ ಮಿತಿ, ಡೆಪಾಸಿಟ್, ಫಾಸ್ಟ್ಯಾಗ್ ಖರ್ಚು ಯಾರದು, ಇವೆಲ್ಲ ಬೇರೆ ಬಾಡಿಗೆ ಗಾಡಿಯ ಹಾಗೆಯೇ. ಗೀರು, ತಗ್ಗು ಎಲ್ಲದರ ವಿಡಿಯೋ ಹಗಲು ಬೆಳಕಲ್ಲಿ ಮಾಡಿಟ್ಟುಕೊಂಡೆ.

ಗಾಡಿ ತಗೊಂಡ ತಕ್ಷಣ ಮೊದಲ ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿ ಟ್ರಿಪ್ ಮೀಟರ್ ಸೊನ್ನೆಗೆ ತಂದೆ. ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜ್ ನಂಬಿ ಕೂರುವ ಬದಲು ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ ಲೆಕ್ಕ ಹಾಕುವುದೇ ಸರಿ. ಬೇಕಾದ ಸಾಮಾನು ಜಾಸ್ತಿಯೇನಿಲ್ಲ. ಎಸಿ ಕಿಂಡಿಗೆ ಸಿಕ್ಕಿಸಲು ಒಂದು ಚಿಕ್ಕ ಡಿಜಿಟಲ್ ಥರ್ಮಾಮೀಟರ್, ಬರೆದುಕೊಳ್ಳಲು ನೋಟ್‌ಬುಕ್.

ತುಮಕೂರು, ಶಿರಾ, ಹಿರಿಯೂರು, ಅಲ್ಲಿಂದ ಚಳ್ಳಕೆರೆ ಮೇಲೆ ಬಳ್ಳಾರಿ, ನಾವು ಯಾವಾಗಲೂ ಬರುವ ದಾರಿ. ಹೈವೇ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಹಿರಿಯೂರಿನ ತನಕ ನೂರರ ಆಸುಪಾಸಿನಲ್ಲಿ ಬಂದೆ, ಎಂಜಿನ್ ಹೆಚ್ಚು ಕಡಿಮೆ ಓಡುತ್ತಲೇ ಇತ್ತು. ಆ ವೇಗದಲ್ಲಿ ಹೈಬ್ರಿಡ್‌ಗೆ ಮಾಡಲು ಹೆಚ್ಚು ಕೆಲಸವಿಲ್ಲ, ಬ್ರೇಕ್ ಹಾಕಿ ಬ್ಯಾಟರಿ ತುಂಬಿಸುವ ಸಂದರ್ಭವೇ ಕಡಿಮೆ. ಲೀಟರಿಗೆ 18, 19 ಸಿಕ್ಕಿತು. ಚಳ್ಳಕೆರೆಯಿಂದ ಆಚೆ ಊರು, ಹಂಪು, ಟ್ರಾಕ್ಟರು, ಕುರಿ ಹಿಂಡು ಅಂತ ನಿಧಾನ ಆಗುತ್ತಾ ಬಂದ ಹಾಗೆ ಮೈಲೇಜ್ ಏರುತ್ತಾ ಹೋಯಿತು. ಪೆಟ್ರೋಲ್ ಗಾಡಿಗೆ ಅಭ್ಯಾಸವಾದವರಿಗೆ ಇದು ಉಲ್ಟಾ ಕಾಣುತ್ತದೆ, ಅಲ್ವಾ? ಕಂಪನಿ ಹೇಳುವ ಎಆರ್‌ಎಐ ಲೆಕ್ಕ, ಅಂದರೆ ಪರೀಕ್ಷಾ ಸಂಸ್ಥೆ ಅಳೆದ ಮೈಲೇಜ್, 27.97. ಎಸಿ ಜೋರಾಗಿ ಹಾಕಿಕೊಂಡು, ನಾಲ್ಕು ಜನ ಕೂತು ಅಷ್ಟನ್ನು ನಿರೀಕ್ಷೆ ಮಾಡಬಾರದು.

ನಿಜವಾದ ಪರೀಕ್ಷೆ ಊರಿಗೆ ಬಂದ ಮೇಲೆ.

ಬೇಕಂತಲೇ ಗಾಡಿಯನ್ನು ಬೆಳಗ್ಗೆ ಹನ್ನೊಂದಕ್ಕೆ ಬಯಲಲ್ಲಿ ನಿಲ್ಲಿಸಿ, ಗಾಜು ಪೂರ್ತಿ ಏರಿಸಿ, ಮಧ್ಯಾಹ್ನ ಎರಡರ ತನಕ ಬಿಟ್ಟೆ. ಬಾಗಿಲು ತೆಗೆದರೆ ಮುಖಕ್ಕೆ ಕಾವು ಹೊಡೆಯಿತು. ಸ್ಟೀರಿಂಗ್ ಮುಟ್ಟುವ ಹಾಗಿಲ್ಲ, ಸೀಟ್ ಬೆಲ್ಟಿನ ಕಬ್ಬಿಣದ ನಾಲಿಗೆ ಚುರ್ ಅಂತಿತ್ತು. ಹೊರಗಿನ ಉಷ್ಣಾಂಶ ಡ್ಯಾಶ್‌ಬೋರ್ಡಿನಲ್ಲಿ 42. ಬಟನ್ ಒತ್ತಿದೆ, 'ರೆಡಿ' ದೀಪ ಹತ್ತಿತು, ಎಂಜಿನ್ ಸದ್ದಿಲ್ಲ, ಎಸಿ ಮಾತ್ರ ಶುರು. ಒಂದು ನಿಮಿಷದ ಒಳಗೇ ಎಂಜಿನ್ ಎದ್ದಿತು. ಅಷ್ಟು ಕಾದ ಗಾಡಿಯನ್ನು ತಣ್ಣಗೆ ಮಾಡಲು ಕಂಪ್ರೆಸರ್ ಪೂರ್ತಿ ಜೋರಲ್ಲಿ ಓಡಬೇಕು, ಚಿಕ್ಕ ಬ್ಯಾಟರಿಯೊಂದೇ ಅದನ್ನು ಹೊತ್ತು ಸಾಗಿಸಲಾರದು. ನಾಲ್ಕೂ ಗಾಜು ಇಳಿಸಿ ಸ್ವಲ್ಪ ದೂರ ಓಡಿಸಿ, ಬಿಸಿ ಗಾಳಿ ಹೊರಗೆ ಹೋದ ಮೇಲೆ ಗಾಜು ಏರಿಸಿದೆ. ಕೌಲ್ ಬಜಾರ್ ಹತ್ತಿರ ಬರುವಷ್ಟರಲ್ಲಿ ಕಿಂಡಿಯ ಥರ್ಮಾಮೀಟರ್ 10 ತೋರಿಸುತ್ತಿತ್ತು.

ಆಮೇಲೆ ಸಿಕ್ಕಿದ್ದು ನಾನು ಕಾಯುತ್ತಿದ್ದ ಘಳಿಗೆ. ರೈಲ್ವೆ ಗೇಟ್ ಹಾಕಿದ್ದರು. ಮುಂದೆ ಲಾರಿ, ಅಕ್ಕಪಕ್ಕ ಆಟೋ, ಬೈಕಿನವರು ತಲೆಗೆ ಟವೆಲ್ ಸುತ್ತಿಕೊಂಡು ನಿಂತಿದ್ದರು. ನಮ್ಮ ಎಂಜಿನ್ ಆಫ್ ಆಯಿತು. ನಾನು ಕಣ್ಣಿಟ್ಟದ್ದು ಥರ್ಮಾಮೀಟರಿನ ಮೇಲೆ. 10 ಇದ್ದದ್ದು 11 ಆಯಿತು, ಮತ್ತೆ 10. ಅಷ್ಟೇ. ಬ್ಯಾಟರಿ ಕಡ್ಡಿಗಳು ಒಂದೊಂದೇ ಇಳಿಯುತ್ತಾ ಬಂದವು, ತಳ ಮುಟ್ಟುವ ಮೊದಲೇ ಎಂಜಿನ್ ತಾನೇ ಎದ್ದು ಸ್ವಲ್ಪ ಹೊತ್ತು ತುಂಬಿಸಿ ಮತ್ತೆ ಮಲಗಿತು. ಗಾಳಿಯ ತಂಪಿನಲ್ಲಿ ವ್ಯತ್ಯಾಸವೇ ಇಲ್ಲ. ಇದರ ಲೆಕ್ಕ ಸುಲಭ. ಬ್ಯಾಟರಿಯನ್ನು ಗಾಡಿ ಪೂರ್ತಿ ಖಾಲಿ ಮಾಡುವುದಿಲ್ಲ, ಪೂರ್ತಿ ತುಂಬಿಸುವುದೂ ಇಲ್ಲ, ನಡುವಿನ ಪಾಲು ಮಾತ್ರ ಬಳಸುತ್ತದೆ. ಅದು 0.3 ಕಿಲೋವ್ಯಾಟ್ ಅವರ್ ಅಂತ ಇಟ್ಟುಕೊಳ್ಳಿ. ಬಿಸಿಲಲ್ಲಿ ಎಸಿ ಒಂದೂವರೆ, ಎರಡು ಕಿಲೋವ್ಯಾಟ್ ಎಳೆದರೆ ಹತ್ತು ನಿಮಿಷದ ಆಸುಪಾಸಿನಲ್ಲಿ ಅದು ಮುಗಿಯುತ್ತದೆ. ಎಂಜಿನ್ ಪದೇ ಪದೇ ಎದ್ದು ಮಲಗುವುದು ಕೆಟ್ಟ ಲಕ್ಷಣವಲ್ಲ, ಬೇಸಿಗೆಯಲ್ಲಿ ಅದು ಹಾಗೇ ಓಡಬೇಕು.

ಬ್ಯಾಟರಿಯ ವಿಷಯ ನನಗೆ ಮನದಟ್ಟಾದದ್ದು ಅವ್ವನಿಂದ. ಅವಳು ಹಿಂದಿನ ಸೀಟಲ್ಲಿ ಕೂತಿದ್ದಳು. ಬಯಲಲ್ಲಿ ನಿಂತ ಗಾಡಿ ಹತ್ತಿ ಹೊರಟ ಸ್ವಲ್ಪ ಹೊತ್ತಿಗೆ, "ಏನಪಾ ಇದು, ನನ್ನ ಹಿಂದ ಫ್ಯಾನ್ ತಿರುಗಿದಂಗ ಸದ್ದು ಬರ್ತೈತಿ?" ಅಂದಳು. ಗಾಡಿ ನಿಲ್ಲಿಸಿ ಹಿಂದೆ ಹೋಗಿ ಕೇಳಿದೆ. ಗುಂಯ್ ಅಂತ ಒಂದೇ ಸಮನೆ ಸದ್ದು. ಅದು ಬ್ಯಾಟರಿಯ ಫ್ಯಾನ್. ಇಂಥ ಹೈಬ್ರಿಡ್‌ಗಳಲ್ಲಿ ಬ್ಯಾಟರಿಗೆ ಬೇರೆ ಎಸಿ ಇರುವುದಿಲ್ಲ. ನಾವು ಕೂತಿರುವ ಕಡೆಯ ತಣ್ಣನೆ ಗಾಳಿಯನ್ನೇ ಒಂದು ಜಾಲರಿಯಿಂದ ಎಳೆದುಕೊಂಡು ತನ್ನ ಮೈ ತಂಪು ಮಾಡಿಕೊಳ್ಳುತ್ತದೆ. ಅಂದರೆ ನಮಗೆ ಸೆಕೆಯಾದರೆ ಬ್ಯಾಟರಿಗೂ ಸೆಕೆ. ನಾವು ತಣ್ಣಗಿದ್ದರೆ ಅದೂ ತಣ್ಣಗಿರುತ್ತದೆ. ಅವ್ವನ ಪಕ್ಕದಲ್ಲಿ ಮಾವಿನ ಹಣ್ಣಿನ ಚೀಲ, ಹೊದಿಕೆ, ನೀರಿನ ಕ್ಯಾನ್ ಎಲ್ಲ ಒಟ್ಟಿದ್ದೆವು, ಕೈಪಿಡಿ ನೋಡಿ ಜಾಲರಿ ಎಲ್ಲಿದೆ ಅಂತ ಹುಡುಕಿ ಅದರ ಮುಂದೆ ಏನೂ ಬಾರದ ಹಾಗೆ ಎಲ್ಲವನ್ನೂ ಡಿಕ್ಕಿಗೆ ಸಾಗಿಸಿದೆ. ಹತ್ತು ನಿಮಿಷದಲ್ಲಿ ಸದ್ದು ಇಳಿಯಿತು.

ಆ ಜಾಲರಿಗೆ ಒಂದು ಫಿಲ್ಟರ್ ಇರುತ್ತದೆ. ನಮ್ಮ ಕಡೆ ಅದಿರಿನ ಕೆಂಪು ಧೂಳು ಗೊತ್ತಲ್ಲ, ತೋರಣಗಲ್ಲು, ಸಂಡೂರು ದಾರಿಯಲ್ಲಿ ಬಿಳಿ ಅಂಗಿ ಹಾಕಿಕೊಂಡು ಬೈಕಲ್ಲಿ ಹೋದರೆ ಸಂಜೆಗೆ ಬಣ್ಣವೇ ಬೇರೆ. ಇಲ್ಲಿ ಹೈಬ್ರಿಡ್ ಇಟ್ಟುಕೊಳ್ಳುವವರು ಪ್ರತಿ ಸರ್ವಿಸಿನಲ್ಲೂ ಆ ಫಿಲ್ಟರ್ ತೆಗೆದು ಸ್ವಚ್ಛ ಮಾಡಿಸಲೇಬೇಕು. ಕಟ್ಟಿಕೊಂಡರೆ ಬ್ಯಾಟರಿಗೆ ಉಸಿರು ಸಿಗುವುದಿಲ್ಲ. ಲಿಥಿಯಂ ಬ್ಯಾಟರಿ ಕಾವಲ್ಲಿ ಇದ್ದಷ್ಟೂ ಬೇಗ ಮುಪ್ಪಾಗುತ್ತದೆ, ಅದನ್ನು ಯಾರೂ ತಪ್ಪಿಸಲಾರರು, ನಿಧಾನ ಮಾಡಬಹುದು ಅಷ್ಟೇ. ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಇರುವುದು ನನಗೆ ಧೈರ್ಯ ಕೊಟ್ಟಿತು.

ಬರೀ ಬ್ಯಾಟರಿಯ ಮೇಲೆ ಓಡಿಸುವ ಇವಿ ಮೋಡ್ ಬಟನ್ ಬಗ್ಗೆ ಒಂದು ಮಾತು. ಬೆಳಗಿನ ತಂಪಲ್ಲಿ ಹಾಲು ತರಲು ಹೋಗುವಾಗ ಅದನ್ನು ಒತ್ತಿದರೆ ಗಾಡಿ ಸದ್ದಿಲ್ಲದೆ ಓಣಿ ದಾಟುತ್ತದೆ, ಖುಷಿಯಾಗುತ್ತದೆ. ಮಧ್ಯಾಹ್ನ ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಅದೇ ಬಟನ್ ಒತ್ತಿದರೆ ಈಗ ಆಗುವುದಿಲ್ಲ ಅನ್ನುವ ಸಂದೇಶ ಬರುತ್ತದೆ. ಗಾಡಿ ಕೆಟ್ಟಿಲ್ಲ. ಹೈಬ್ರಿಡ್ ವ್ಯವಸ್ಥೆ ಕಾದಿದ್ದರೆ, ಬಿಸಿಲಲ್ಲಿ ನಿಂತಿದ್ದರೆ ಅದು ಇವಿ ಮೋಡ್ ಕೊಡದೇ ಇರಬಹುದು. ಬಾಡಿಗೆ ಗಾಡಿ ಅಂತ ಗಾಬರಿಯಾಗಿ ಅವರಿಗೆ ಫೋನ್ ಮಾಡುವ ಅಗತ್ಯ ಇಲ್ಲ.

ಇಳಿಜಾರು ನೋಡಲು ಸಂಡೂರಿನ ಕುಮಾರಸ್ವಾಮಿ ಗುಡಿಗೆ ಹೋಗಿ ಬಂದೆವು. ಏರುವಾಗ ಎಂಜಿನ್ ಜೋರಾಗಿ ಕೂಗುತ್ತದೆ, ಇ-ಸಿವಿಟಿ ಅನ್ನುವ ಈ ಹಂತಗಳಿಲ್ಲದ ಆಟೋಮ್ಯಾಟಿಕ್ ಗೇರಿನ ಸ್ವಭಾವವೇ ಅದು, ಕಾಲು ಒತ್ತಿದಷ್ಟು ಸದ್ದು ಮೊದಲು, ವೇಗ ಆಮೇಲೆ. ಇಳಿಯುವಾಗ ನೋಡಬೇಕು. ಬ್ಯಾಟರಿ ಚಿಕ್ಕದಾದ್ದರಿಂದ ಬಹಳ ಬೇಗ ತುಂಬಿಬಿಡುತ್ತದೆ. ತುಂಬಿದ ಮೇಲೆ ಮೋಟರಿನ ಹಿಡಿತ ಕಡಿಮೆಯಾಗುತ್ತದೆ, ಭಾರವೆಲ್ಲ ಸಾಮಾನ್ಯ ಬ್ರೇಕಿನ ಮೇಲೆ. ಆಗ ಗೇರನ್ನು 'ಬಿ'ಗೆ ಹಾಕಿದರೆ ಎಂಜಿನ್ ತಿರುಗಿ ಗಾಡಿಯನ್ನು ಹಿಡಿದಿಡುತ್ತದೆ. ಸದ್ದು ಜೋರು, ಆದರೆ ಆ ಹೊತ್ತಲ್ಲಿ ಪೆಟ್ರೋಲ್ ಉರಿಯುವುದಿಲ್ಲ. 40 ಡಿಗ್ರಿಯಲ್ಲಿ ಬ್ರೇಕ್ ಕಾಯಿಸಿಕೊಂಡು ಇಳಿಯುವುದಕ್ಕಿಂತ ಇದು ಎಷ್ಟೋ ಮೇಲು.

ಡಿಕ್ಕಿ ಚಿಕ್ಕದು, ಬ್ಯಾಟರಿ ಜಾಗ ತಿಂದಿದೆ. ಮದುವೆ ಸೀಸನ್ನಿನಲ್ಲಿ ಐದು ಜನರ ಬಟ್ಟೆ ಬರೆ ಹಾಕಿಕೊಂಡು ಹೋಗುವವರು ತಮ್ಮ ಸೂಟ್‌ಕೇಸ್ ಒಯ್ದು ಇಟ್ಟೇ ನೋಡಿ. ಗಾಜಿನ ಚಾವಣಿ ನೋಡಲು ಚೆಂದ, ನಮ್ಮೂರಿಗೆ ಬೇಡ. ಯಾವ ಗಾಡಿಯಾದರೂ ಸರಿ, ತಲೆ ಮೇಲೆ ಗಾಜು ಇದ್ದರೆ ಕಾವು ಇಳಿದೇ ಇಳಿಯುತ್ತದೆ. ಮುಂದಿನ ಸೀಟಲ್ಲಿ ಗಾಳಿ ಬರುವ ವ್ಯವಸ್ಥೆ ಇತ್ತು, ಬೆನ್ನು ಬೆವರಲಿಲ್ಲ, ಇದಕ್ಕೆ ಮಾತ್ರ ದುಡ್ಡು ಕೊಡಬಹುದು.

ಊರೊಳಗಿನ ಓಡಾಟ, ರಾಯಲ್ ಸರ್ಕಲ್ ಟ್ರಾಫಿಕ್, ಸಂತೆ, ಆಸ್ಪತ್ರೆ, ಮಕ್ಕಳನ್ನು ಬಿಡುವುದು, ಎಲ್ಲದಕ್ಕೂ ಎಸಿ ಹಾಕಿಯೇ ಓಡಿಸಿ ಲೀಟರಿಗೆ 22ರ ಹತ್ತಿರ ಬಂತು. ನಮ್ಮ ಈಗಿನ ಪೆಟ್ರೋಲ್ ಗಾಡಿ ಬೇಸಿಗೆಯಲ್ಲಿ ಊರೊಳಗೆ 12 ಕೊಟ್ಟರೆ ಹೆಚ್ಚು. ತಿಂಗಳಿಗೆ 1,000 ಕಿಲೋಮೀಟರ್ ಅಂತ ಹಿಡಿದರೆ ಸುಮಾರು 38 ಲೀಟರ್ ಉಳಿತಾಯ. ಲೀಟರಿಗೆ 103 ರೂಪಾಯಿ ಲೆಕ್ಕದಲ್ಲಿ 3,900 ರೂಪಾಯಿ ಆಯಿತು. ಆದರೆ ಗಾಡಿಯ ಬೆಲೆಯೂ ಜಾಸ್ತಿ, 2025ರ ಸೆಪ್ಟೆಂಬರಿನಿಂದ ಈ ಅಳತೆಯ ಹೈಬ್ರಿಡ್‌ಗೆ ಜಿಎಸ್‌ಟಿ ಶೇ. 40, ಎಲೆಕ್ಟ್ರಿಕ್‌ಗೆ ಶೇ. 5 ಮಾತ್ರ. ಹಾಗಾಗಿ ಬೆಂಗಳೂರು, ಬಳ್ಳಾರಿ ಅಂತ ಬರೀ ಹೈವೇ ಓಡಾಟ ಇರುವವರಿಗೆ ನಾನು ಹೈಬ್ರಿಡ್ ತಗೊಳ್ಳಿ ಅನ್ನುವುದಿಲ್ಲ. ಊರೊಳಗೆ ದಿನಾ ಎಸಿ ಹಾಕಿ ಓಡಾಡುವವರು, ವಯಸ್ಸಾದವರನ್ನು ಕರೆದುಕೊಂಡು ಹೋಗಿ ಆಸ್ಪತ್ರೆ ಮುಂದೆ ಗಾಡಿಯಲ್ಲೇ ಕಾಯಬೇಕಾದವರು ತಗೊಳ್ಳಬಹುದು.

ನಾವು ಬುಕ್ ಮಾಡಿದ್ದೇವೆ. ಅದಕ್ಕೂ ಮೊದಲು ಮನೆ ಮುಂದೆ ಶೀಟ್ ಹಾಕಿಸಿ ನೆರಳು ಮಾಡಿಸಿದೆ. ಬ್ಯಾಟರಿಗೂ ಒಳ್ಳೆಯದು, ಎಲ್ಲ ಗಾಡಿಗಳ ಹಾಗೆ ಇದರಲ್ಲೂ ಇರುವ 12 ವೋಲ್ಟಿನ ಸಾಮಾನ್ಯ ಬ್ಯಾಟರಿಗೂ ಒಳ್ಳೆಯದು. ಅದು ಬಿಸಿಲಿಗೆ ಸತ್ತರೆ ಹೈಬ್ರಿಡ್ ಬ್ಯಾಟರಿ ತುಂಬಿದ್ದರೂ ಗಾಡಿ 'ರೆಡಿ' ಆಗುವುದಿಲ್ಲ.

ನೀವೂ ಬಾಡಿಗೆಗೆ ತಂದು ನೋಡುವುದಾದರೆ ಏಪ್ರಿಲ್, ಮೇ ತಿಂಗಳಲ್ಲೇ ತನ್ನಿ, ಡಿಸೆಂಬರಿನಲ್ಲಿ ಓಡಿಸಿ ಏನೂ ತಿಳಿಯುವುದಿಲ್ಲ. ಶಾಲೆಗೆ ರಜೆ ಇರುವ ಕಾಲ, ಶನಿವಾರ ಭಾನುವಾರ ಗಾಡಿ ಸಿಗುವುದೂ ಕಷ್ಟ, ಬಾಡಿಗೆಯೂ ಹೆಚ್ಚು. ಸೋಮವಾರದಿಂದ ಗುರುವಾರದ ನಡುವೆ ಕೇಳಿ. ವಾಪಸ್ ಕೊಡುವಾಗ ಹತ್ತಿರದ ಬಂಕಿನಲ್ಲೇ ಮತ್ತೆ ಫುಲ್ ಮಾಡಿಸಿ ಬಿಲ್ ಇಟ್ಟುಕೊಳ್ಳಿ, ನಿಮ್ಮ ಮೈಲೇಜ್ ಲೆಕ್ಕಕ್ಕೂ ಬೇಕು, ಡೆಪಾಸಿಟ್ ವಾಪಸ್ ಪಡೆಯುವುದಕ್ಕೂ ಬೇಕು.