ಸ್ಲೈಸರ್‌ನಲ್ಲಿ ಜಯನಗರ, ಮೊತ್ತ ಮಾತ್ರ ಇಡೀ ಬೆಂಗಳೂರಿನದು

ಮೈಕ್ರೋಸಾಫ್ಟ್‌ನ ಡೇಟಾ ತಂತ್ರಾಂಶ ಪವರ್ ಬಿಐ ರಿಪೋರ್ಟ್‌ನಲ್ಲಿ ಸ್ಲೈಸರ್ ಎಂಬ ಆಯ್ಕೆ ಪೆಟ್ಟಿಗೆಯಲ್ಲಿ ಜಯನಗರ ಆರಿಸಿದರೂ ಚಾರ್ಟ್‌ನ ಮೊತ್ತ ಕದಲದಿದ್ದರೆ ಮೊದಲೇ ಫಾರ್ಮುಲಾಗೆ ಕೈ ಹಾಕಬೇಡಿ. ಆ ಚಾರ್ಟ್‌ನ ಮೂಲೆಯಲ್ಲಿರುವ ಫಿಲ್ಟರ್ ಚಿಹ್ನೆಯ ಮೇಲೆ ಮೌಸ್ ಇಡಿ. ಚಾರ್ಟ್‌ಗೆ ತಾಗುತ್ತಿರುವ ಫಿಲ್ಟರ್‌ಗಳೆಲ್ಲ ಅಲ್ಲಿ ಕಾಣುತ್ತವೆ.

ಪಟ್ಟಿಯಲ್ಲಿ ಜಯನಗರ ಇಲ್ಲವೇ? ಸ್ಲೈಸರ್ ಆರಿಸಿ, ಫಾರ್ಮ್ಯಾಟ್ ಮೆನುವಿನ ಎಡಿಟ್ ಇಂಟರಾಕ್ಷನ್ಸ್ ಒತ್ತಿ. ಚಾರ್ಟ್ ಮೇಲೆ 'ನನ್' (None, ಯಾವುದೂ ಬೇಡ) ಆಯ್ಕೆಯಾಗಿದ್ದರೆ 'ಫಿಲ್ಟರ್'ಗೆ ಬದಲಿಸಿ. ನೀವು ಹಾಕದ ಫಿಲ್ಟರ್ ಪಟ್ಟಿಯಲ್ಲಿದ್ದರೆ ವ್ಯೂ ಮೆನುವಿನ ಸೆಲೆಕ್ಷನ್ ಮತ್ತು ಸಿಂಕ್ ಸ್ಲೈಸರ್ಸ್ ಎರಡನ್ನೂ ತೆರೆದು ನೋಡಿ. ಮರೆಮಾಡಿದ ಸ್ಲೈಸರ್ ಕಣ್ಣಿಗೆ ಬೀಳದಿದ್ದರೂ ತನ್ನ ಕೆಲಸ ನಿಲ್ಲಿಸುವುದಿಲ್ಲ.

ಜಯನಗರ ಪಟ್ಟಿಯಲ್ಲಿದ್ದೂ ಮೊತ್ತ ಬದಲಾಗದಿದ್ದರೆ ಖಾಲಿ ಪುಟದಲ್ಲಿ ಒಂದು ಟೇಬಲ್ ಹಾಕಿ: ಬಡಾವಣೆಯ ಕಾಲಂ, ಪಕ್ಕದಲ್ಲಿ ಮೆಷರ್ (ನೀವು ಬರೆದ ಲೆಕ್ಕದ ಫಾರ್ಮುಲಾ) ಬದಲು ನೇರ ಮೊತ್ತದ ಕಾಲಂ. ಜಯನಗರ, ಮಲ್ಲೇಶ್ವರ, ರಾಜಾಜಿನಗರ ಮೂರಕ್ಕೂ ಒಂದೇ ಅಂಕಿ ಬಂದರೆ ಎರಡು ಟೇಬಲ್‌ಗಳನ್ನು ಜೋಡಿಸುವ ರಿಲೇಷನ್‌ಶಿಪ್ ಇಲ್ಲ, ಅಥವಾ ಚುಕ್ಕಿಗೆರೆಯದು, ಅಂದರೆ ನಿಷ್ಕ್ರಿಯ. ಇಲ್ಲವೇ ಫಿಲ್ಟರ್ ಹರಿಯುವ ಬಾಣದ ದಿಕ್ಕು ತಪ್ಪಿದೆ. ದಿಕ್ಕನ್ನು 'ಬೋತ್' (ಎರಡೂ ಕಡೆ) ಮಾಡಿ ಕೈತೊಳೆದುಕೊಳ್ಳುವುದು ಸುಲಭ, ಆದರೆ ಆಮೇಲೆ ಬೇರೆ ಕಡೆ ಮೊತ್ತ ಕೆಡುತ್ತದೆ. ಅಂಕಿಗಳು ಬೇರೆ ಬೇರೆ ಬಂದರೆ ತಪ್ಪು ಮೆಷರ್‌ನದು. ಮೆಷರ್‌ನ ಕ್ಯಾಲ್ಕುಲೇಟ್ ಫಂಕ್ಷನ್ ಒಳಗೆ ಬಡಾವಣೆ ಜಯನಗರ ಎಂದು ಬರೆದರೆ ಅದು ಸ್ಲೈಸರ್‌ನ ಆಯ್ಕೆಯನ್ನೇ ಅಳಿಸಿಹಾಕುತ್ತದೆ. ಮಲ್ಲೇಶ್ವರ ಒತ್ತಿದರೂ ಜಯನಗರದ್ದೇ ಬರುತ್ತದೆ. ಸ್ಲೈಸರ್‌ನ ಆಯ್ಕೆ ಉಳಿಯಲು ಆ ಷರತ್ತಿಗೆ ಕೀಪ್‌ಫಿಲ್ಟರ್ಸ್ ಫಂಕ್ಷನ್ ಸುತ್ತಿ.

ಹೆಚ್ಚು ಕಾಡುವುದು ದಿನಾಂಕ. ಪರದೆಯಲ್ಲಿ 31-03-2024 ಎಂದಷ್ಟೇ ಕಾಣುವ ಬಿಲ್ ಒಳಗೆ (ದಿನಾಂಕ ಅಂಕಿಯಾಗಿ ಇರುತ್ತದೆ) 45382.75 ಆಗಿರಬಹುದು, ಅಂದರೆ ಸಂಜೆ 6 ಗಂಟೆ. ದಿನಾಂಕದ ಟೇಬಲ್‌ನಲ್ಲಿರುವುದು ಬರೀ 45382. ಎರಡೂ ಹೊಂದುವುದಿಲ್ಲ; ಬಿಲ್ 'ಬ್ಲ್ಯಾಂಕ್' ಸಾಲಿಗೆ ಬೀಳುತ್ತದೆ, ಹಣಕಾಸು ವರ್ಷ ಆರಿಸಿದ ಕೂಡಲೇ ಮೊತ್ತ ಕುಸಿಯುತ್ತದೆ. ಕಾಲಂನ ಫಾರ್ಮ್ಯಾಟ್ ಬದಲಿಸಿದರೆ ನೋಟ ಬದಲಾಗುತ್ತದೆ ಅಷ್ಟೇ. ಡೇಟಾ ಒಳತರುವ ಪವರ್ ಕ್ವೆರಿಯಲ್ಲೇ ಡೇಟಾ ಟೈಪ್ ಅನ್ನು 'ಡೇಟ್' ಮಾಡಿ. ಸಮಯವೂ ಬೇಕಿದ್ದರೆ ಬೇರೆ ಕಾಲಂನಲ್ಲಿಡಿ. ಫೈಲ್ ಗಾತ್ರವೂ ಇಳಿಯುತ್ತದೆ.

'ಇಂದು', 'ಕಳೆದ 7 ದಿನ' ಎಂಬ ರಿಲೇಟಿವ್ ಡೇಟ್ ಫಿಲ್ಟರ್ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಗಡಿಯಾರ ನೋಡುತ್ತದೆ. ನಮ್ಮದು ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಹಾಗಾಗಿ ಬೆಳಗಿನ 5.30ರವರೆಗೆ ಅದರ ಲೆಕ್ಕದಲ್ಲಿ ಇನ್ನೂ ನಿನ್ನೆಯೇ. ನೈಟ್ ಶಿಫ್ಟ್‌ನವರ ದೂರಿಗೆ ಬಹಳ ಸಲ ಇದೇ ಕಾರಣ.

ನಿಮ್ಮಲ್ಲಿ ಸರಿಯಿದ್ದು ಮ್ಯಾನೇಜರ್ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ತಪ್ಪಾಗಿದ್ದರೆ, ಅವರು ಹಿಂದೆ ಮಾಡಿದ ಆಯ್ಕೆಯನ್ನು ಸರ್ವಿಸ್ (ಪವರ್ ಬಿಐನ ಆನ್‌ಲೈನ್ ರೂಪ) ನೆನಪಿಟ್ಟುಕೊಂಡಿರಬಹುದು. ರಿಪೋರ್ಟ್ ಮೇಲಿನ ರೀಸೆಟ್ ಒತ್ತಲು ಹೇಳಿ. ಆಗಲೂ ವ್ಯತ್ಯಾಸ ಉಳಿದರೆ ಡೆಸ್ಕ್‌ಟಾಪ್‌ನ ಮಾಡೆಲಿಂಗ್ ಮೆನುವಿನಲ್ಲಿ 'ವ್ಯೂ ಆ್ಯಸ್' ತೆರೆದು, ಅವರ ರೋಲ್ (ಯಾರು ಯಾವ ಸಾಲು ನೋಡಬಹುದೆಂಬ ನಿಯಮ) ಆರಿಸಿ, ಯಾವ ಸಾಲುಗಳು ಮಾಯವಾಗುತ್ತವೆ ನೋಡಿ.