ಬೇಸಿಗೆಗೆ ಬರುವ ಗೆಳೆಯರಿಗೆ ಕಡಲತೀರವನ್ನು ಸೂಚಿಸುವ ಮುನ್ನ

ರಜೆಗೆ ಬರುತ್ತಿರುವ ಗೆಳೆಯರು ಯಾವ ಕಡಲತೀರಕ್ಕೆ ಹೋಗಬಹುದೆಂದು ಕೇಳಿದ ಕೂಡಲೇ ನಮಗೆ ಪ್ರಿಯವಾದ ಜಾಗದ ಹೆಸರನ್ನು ಹೇಳಿಬಿಡುವುದು ಸರಿಯಲ್ಲ. ಅವರೊಂದಿಗೆ ಯಾರು ಯಾರು ಬರುತ್ತಾರೆ, ನೀರಿಗಿಳಿಯುವವರೆಷ್ಟು, ದಡದಲ್ಲೇ ಕುಳಿತು ಹೊತ್ತು ಕಳೆಯುವವರೆಷ್ಟು ಎಂಬುದನ್ನು ಮೊದಲು ವಿಚಾರಿಸಿಕೊಳ್ಳಬೇಕು. ಈಜು ಬಲ್ಲ ಯುವಕರಿಗೆ ಮೆಚ್ಚುಗೆಯಾಗುವ ತೀರವೇ ಪುಟ್ಟ ಮಗುವನ್ನು ಕರೆತಂದವರಿಗೆ ದಿನವಿಡೀ ಕಾವಲಿನ ಕೆಲಸವಾದೀತು.

ಮಕ್ಕಳಿದ್ದರೆ ಉಳಿದೆಲ್ಲಕ್ಕಿಂತ ಮೊದಲು ದಡದ ಇಳಿಜಾರನ್ನು ಗಮನಿಸಬೇಕೆಂಬುದು ನನ್ನ ಅಭಿಪ್ರಾಯ. ಮರಳು ನುಣ್ಣಗಿರುವಲ್ಲಿ ದಡ ಸಾಮಾನ್ಯವಾಗಿ ಸಪಾಟಾಗಿರುತ್ತದೆ. ಅಲೆಗಳು ದೂರದಲ್ಲೇ ಒಡೆದು, ನೊರೆಯಾಗಿ ಕಾಲಬುಡಕ್ಕೆ ಬರುತ್ತವೆ. ದಪ್ಪ ಮರಳು ಅಥವಾ ಉರುಟುಗಲ್ಲುಗಳಿರುವಲ್ಲಿ ದಡ ಕಡಿದಾಗಿದ್ದು, ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ನೀರು ಎದೆಮಟ್ಟಕ್ಕೇರಬಹುದು, ಅಲೆಯೂ ನೇರವಾಗಿ ದಡಕ್ಕೇ ಅಪ್ಪಳಿಸಬಹುದು. ಚೆಂದದ ಫೋಟೋಗಳಲ್ಲಿ ಇದಾವುದೂ ಕಾಣುವುದಿಲ್ಲ. ಉಪಗ್ರಹ ನಕ್ಷೆಯನ್ನು ತೆರೆದರೆ ಮಾತ್ರ, ಅದು ತೆರೆದ ಸಾಗರಕ್ಕೆ ಮುಖಮಾಡಿದ ತೀರವೋ, ಭೂಶಿರದ ಮರೆಯಲ್ಲಿರುವ ಶಾಂತ ಕೊಲ್ಲಿಯೋ ಎಂಬುದಾದರೂ ತಿಳಿಯುತ್ತದೆ. ನದಿ ಕಡಲನ್ನು ಸೇರುವ ಅಳಿವೆಯ ಬಾಯಿ ನೋಡಲು ಎಷ್ಟೇ ಸುಂದರವಾಗಿದ್ದರೂ ಸೆಳವು ಹೆಚ್ಚಿರುವುದರಿಂದ ಸ್ನಾನಕ್ಕೆ ತಕ್ಕದ್ದಲ್ಲ.

ಲೈಫ್‌ಗಾರ್ಡ್‌ಗಳಿಲ್ಲದ ತೀರವನ್ನು ಹೊಸಬರಿಗೆ ಸೂಚಿಸಲೇಬಾರದು. ಅನೇಕ ದೇಶಗಳಲ್ಲಿ ಅವರು ಕೆಂಪು-ಹಳದಿ ಬಾವುಟಗಳನ್ನು ನೆಟ್ಟು, ಅವುಗಳ ನಡುವೆ ಮಾತ್ರ ಈಜಬೇಕೆಂದು ತಿಳಿಸುತ್ತಾರೆ. ಎರಡೂ ಬದಿಯಲ್ಲಿ ಅಲೆಗಳು ಒಡೆದು ಬೆಳ್ಳಗೆ ನೊರೆಯೇಳುತ್ತಿರುವಾಗ ನಡುವಿನ ಒಂದು ಪಟ್ಟಿ ಮಾತ್ರ ಶಾಂತವಾಗಿ, ತುಸು ಕಡುಬಣ್ಣದಲ್ಲಿ ಕಂಡರೆ, ದಡಕ್ಕೆ ಬಂದ ನೀರು ಕಡಲಿಗೆ ಹಿಂದಿರುಗುವ ದಾರಿ ಅದೇ ಆಗಿರಬಹುದು. ಈಜು ಬಾರದವರು ಸುರಕ್ಷಿತವೆಂದು ಆರಿಸಿಕೊಳ್ಳುವುದೂ ಅದನ್ನೇ. ಅದರ ಸೆಳೆತಕ್ಕೆ ಸಿಕ್ಕವರು ಗಾಬರಿಯಾಗಿ ದಡದತ್ತ ಎದುರೀಜದೆ, ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬರಬೇಕು. ಅದು ಆಗದಿದ್ದರೆ ತೇಲುತ್ತಾ ಕೈಯೆತ್ತಿ ನೆರವು ಕೋರಬೇಕು.

ಉಬ್ಬರವಿಳಿತದ ವೇಳಾಪಟ್ಟಿಯನ್ನೂ ನೋಡಿ ಹೇಳುವುದು ಒಳ್ಳೆಯದು. ಬಹುತೇಕ ತೀರಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷಗಳ ಅಂತರವಿರುವುದರಿಂದ ಇಂದಿನ ಸಮಯ ನಾಳೆಗೆ ಹೊಂದುವುದಿಲ್ಲ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚುವುದರಿಂದ, ಬೆಳಿಗ್ಗೆ ವಿಶಾಲವಾಗಿದ್ದ ಮರಳ ಹಾಸು ಮಧ್ಯಾಹ್ನಕ್ಕೆ ಮುಳುಗಿಹೋಗಬಹುದು. ಒಣಗಿದ ಪಾಚಿ, ಕಡ್ಡಿಕಸಗಳು ಸಾಲಾಗಿ ಬಿದ್ದಿರುವ ಗೆರೆಯೇ ಹಿಂದಿನ ಉಬ್ಬರದ ಗುರುತಾಗಿದ್ದು, ಚೀಲಗಳನ್ನು ಅದಕ್ಕಿಂತ ಮೇಲಿಡಬೇಕು.

ವಸತಿ, ನೆರಳು, ಶೌಚಾಲಯಗಳ ವಿಚಾರವನ್ನು ಅವರೇ ನೋಡಿಕೊಳ್ಳುತ್ತಾರೆ. ನಾವು ಮಾತ್ರ ಒಂದೇ ತೀರವನ್ನು ಹೇಳದೆ, ಬೇರೆ ಬೇರೆ ದಿಕ್ಕಿಗೆ ಮುಖಮಾಡಿದ ಎರಡನ್ನು ಸೂಚಿಸಿದರೆ, ಒಂದರಲ್ಲಿ ಗಾಳಿ ಜೋರಾದ ದಿನ ಇನ್ನೊಂದಕ್ಕೆ ಹೋಗಬಹುದು. ಆದರೆ ಗಾಳಿ ನೆಲದಿಂದ ಕಡಲಿನತ್ತ ಬೀಸುವಾಗ ನೀರು ಎಷ್ಟೇ ನಯವಾಗಿ ಕಂಡರೂ, ಗಾಳಿ ತುಂಬಿದ ತೆಪ್ಪ, ಟ್ಯೂಬುಗಳ ಮೇಲೆ ಮಕ್ಕಳನ್ನು ಕೂರಿಸಬಾರದೆಂದು ಅವರಿಗೆ ಸ್ಪಷ್ಟವಾಗಿ ಹೇಳಿರಬೇಕು.