ಡಿ ಡ್ರೈವಲ್ಲಿ ಉಳ್ಕೊಂಡಿದ್ದ 212 ಗೇಮು

ನಮ್ಮ ಅಂಗಡಿ ಈಗ ನೋಡಿದ್ರೆ ಜೆರಾಕ್ಸ್, ಲ್ಯಾಮಿನೇಷನ್, ಪಹಣಿ ಪ್ರಿಂಟು, ಪ್ಯಾನ್ ಕಾರ್ಡ್ ಅರ್ಜಿ, ಅಷ್ಟೇ. ಆದ್ರೆ 2005ರಿಂದ 2013ರ ತನಕ ಇದೇ ಜಾಗದಲ್ಲಿ ಆರು ಸಿಸ್ಟಮ್ ಇಟ್ಕೊಂಡು ಬ್ರೌಸಿಂಗ್ ಸೆಂಟರ್ ನಡೆಸ್ತಿದ್ದೆ. ಬೋರ್ಡಲ್ಲಿ 'ಚಿಂತಾಮಣಿ, ಕೋಲಾರ ಜಿಲ್ಲೆ' ಅಂತಿತ್ತು, 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆದ್ಮೇಲೂ ಹಂಗೇ ಬಿಟ್ಟಿದ್ದೆ, ಒಂದ್ ಪದಕ್ಕೋಸ್ಕರ ಪೇಂಟರ್‌ಗೆ ದುಡ್ಡು ಯಾಕ್ ಕೊಡೋದು ಅಂತ. ನಾನು ಸ್ವಲ್ಪ ಜಿಪುಣ, ಇದನ್ನ ಮೊದಲೇ ಹೇಳ್ಬಿಡ್ತೀನಿ, ಯಾಕಂದ್ರೆ ಆ ಜಿಪುಣತನ ಇಲ್ದಿದ್ರೆ ಇದನ್ನ ಬರೆಯೋಕೆ ನನ್ ಹತ್ರ ಏನೂ ಇರ್ತಿರ್ಲಿಲ್ಲ.

ಆಗ ನಮ್ದು 256 ಕೆಬಿಪಿಎಸ್ ಬ್ರಾಡ್‌ಬ್ಯಾಂಡ್. ತಿಂಗಳಿಗೆ ಇಷ್ಟು ಎಂಬಿ ಅಂತ ಲಿಮಿಟ್ಟು, ದಾಟಿದ್ರೆ ಒಂದೊಂದ್ ಎಂಬಿಗೂ ಎಕ್ಸ್‌ಟ್ರಾ ಬಿಲ್ಲು, ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ ಮಾತ್ರ ಫ್ರೀ. ಸ್ಕೂಲ್ ಬಿಟ್ ತಕ್ಷಣ ಹುಡುಗ್ರು ಗುಂಪಾಗಿ ಬರೋರು, ಗಂಟೆಗೆ ಹದಿನೈದ್ ರೂಪಾಯಿ, ಒಬ್ಬ ಆಡೋದು ನಾಲ್ಕ್ ಜನ ಹಿಂದೆ ನಿಂತ್ಕೊಂಡ್ ನೋಡೋದು, ಟೈಮ್ ಆಯ್ತು ಏಳ್ರಪ್ಪಾ ಅಂದ್ರೆ 'ಇಂಕೊಂಚೆಂ ಸೇಪು ಅನ್ನಾ' (ಇನ್ನೊಂಚೂರು ಹೊತ್ತು ಅಣ್ಣಾ) ಅಂತ ತೆಲುಗಲ್ಲಿ ಗೋಗರೆಯೋದು. ನಮ್ಮೂರಲ್ಲಿ ಲೆಕ್ಕಾಚಾರ ಕನ್ನಡದಲ್ಲಿ, ಬೇಡ್ಕೊಳ್ಳೋದು ತೆಲುಗಲ್ಲಿ. ಆ ಹುಡುಗ್ರೆಲ್ಲಾ ಆಡ್ತಿದ್ದಿದ್ದು ಬ್ರೌಸರ್ ಒಳಗೆ ಓಡೋ ಫ್ಲ್ಯಾಶ್ ಗೇಮ್, ಅಂದ್ರೆ ಫ್ಲ್ಯಾಶ್ ಪ್ಲೇಯರ್ ಅನ್ನೋ ಸಾಫ್ಟ್‌ವೇರ್ ಇದ್ರೆ ಮಾತ್ರ ಓಡೋವು. ಒಂದೊಂದು ಒಂದು ಎಂಬಿ, ಎರಡು ಎಂಬಿ, ದೊಡ್ಡದಾದ್ರೆ ಐದು. ಒಂದೇ ಗೇಮನ್ನ ಆರು ಸಿಸ್ಟಮ್ಮಲ್ಲಿ ಆರು ಸಲ ಲೋಡ್ ಮಾಡಿದ್ರೆ ಬಿಲ್ ಯಾರ್ ಕಟ್ಟೋದು?

ಅದಕ್ಕೆ ಒಂದ್ ದಾರಿ ಕಂಡ್ಕೊಂಡಿದ್ದೆ. ಇಂಟರ್‌ನೆಟ್ ಎಕ್ಸ್‌ಪ್ಲೋರರ್ ತಾನು ನೋಡಿದ್ದನ್ನೆಲ್ಲಾ ಟೆಂಪರರಿ ಇಂಟರ್‌ನೆಟ್ ಫೈಲ್ಸ್ ಅನ್ನೋ ಫೋಲ್ಡರಲ್ಲಿ ಇಟ್ಕೊಂಡಿರ್ತಿತ್ತು. ಅದನ್ನ ಓಪನ್ ಮಾಡಿ, ಟೈಪ್ ಪ್ರಕಾರ ಜೋಡಿಸಿ, ಎಸ್‌ಡಬ್ಲ್ಯುಎಫ್ ಫೈಲ್‌ಗಳನ್ನ (ಫ್ಲ್ಯಾಶ್ ಗೇಮ್ ಇರೋದು ಅದರಲ್ಲೇ) ಮಾತ್ರ ಡಿ ಡ್ರೈವ್‌ಗೆ ಕಾಪಿ ಮಾಡೋದು, ಹೆಸರು ಬದಲಾಯಿಸೋದು, ಫೋಲ್ಡರ್‌ನ ಲ್ಯಾನಲ್ಲಿ, ಅಂದ್ರೆ ಆರೂ ಸಿಸ್ಟಮ್ ಜೋಡಿಸಿದ್ದ ಕೇಬಲ್ ನೆಟ್‌ವರ್ಕಲ್ಲಿ ಶೇರ್ ಮಾಡೋದು. ಆಮೇಲಿಂದ ಹುಡುಗ್ರು ಆಡ್ತಿದ್ದಿದ್ದು ನೆಟ್ಟಲ್ಲಿ ಅಲ್ಲ, ನನ್ನ ಡಿ ಡ್ರೈವಲ್ಲಿ. ನೆಟ್ ಹೋದ್ರೂ ಗೇಮ್ ಓಡ್ತಿತ್ತು, ಹಂಗಾಗಿ ನೆಟ್ ಇಲ್ದಿದ್ದಾಗ್ಲೂ ಗಂಟೆಗೆ ಹದಿನೈದ್ ರೂಪಾಯಿ ಬರ್ತಿತ್ತು. (ಕರೆಂಟ್ ಹೋದ್ರೆ ಮಾತ್ರ ಯುಪಿಎಸ್ ಹತ್ತು ನಿಮಿಷ, ಅಷ್ಟರಲ್ಲಿ ಎಲ್ರದ್ದೂ ಲೆಕ್ಕ ಬರ್ಕೊಂಡ್ ಬಿಡ್ಬೇಕು.) ಫೈಲ್‌ಗಳಿಗೆ ಹುಡುಗ್ರು ಏನ್ ಕರೀತಿದ್ರೋ ಅದನ್ನೇ ಹೆಸರಿಟ್ಟಿದ್ದೆ. ಬಬಲ್ ಟ್ರಬಲ್ ಅನ್ನೋದು 'ಬಲೂನ್'. 2004ರ ಮದರ್‌ಲೋಡ್ ಅನ್ನೋ ಗೇಮಲ್ಲಿ ಮಂಗಳ ಗ್ರಹದ ನೆಲ ಕೊರೆದು ಅದಿರು ತೆಗೆದು ಮೇಲೆ ತಂದು ಮಾರ್ಬೇಕು, ಮಧ್ಯದಲ್ಲಿ ಪೆಟ್ರೋಲ್ ಖಾಲಿಯಾದ್ರೆ ಕತೆ ಮುಗೀತು. ಅದಕ್ಕೆ ನಮ್ ಹುಡುಗ್ರು ಇಟ್ಟಿದ್ ಹೆಸರು 'ಕೆಜಿಎಫ್'. ನಿಜವಾದ ಕೋಲಾರದ ಗಣಿ 2001ರ ಫೆಬ್ರವರಿಲೇ ಬಾಗಿಲು ಹಾಕಿತ್ತು, ನಮ್ ಅಂಗಡೀಲಿ ಮಾತ್ರ 2010ರವರೆಗೂ ಚಿನ್ನ ತೆಗೀತಾನೇ ಇದ್ರು.

2011ರಲ್ಲಿ ಸೈಬರ್ ಕೆಫೆಗಳಿಗೆ ಹೊಸ ರೂಲ್ಸ್ ಬಂತು. ಬಂದೋರ ಐಡಿ ನೋಡ್ಬೇಕು, ರಿಜಿಸ್ಟರಲ್ಲಿ ಬರೀಬೇಕು, ಒಂದ್ ವರ್ಷ ದಾಖಲೆ ಇಡ್ಬೇಕು, ಕ್ಯಾಬಿನ್ ಗೋಡೆ ನಾಲ್ಕೂವರೆ ಅಡಿಗಿಂತ ಎತ್ತರ ಇರ್ಬಾರ್ದು. ಅಷ್ಟರಲ್ಲಿ ಎಲ್ರ ಕೈಗೂ ಮೊಬೈಲ್ ಬರೋಕ್ ಶುರುವಾಗಿತ್ತು. 2013ರಲ್ಲಿ ಐದ್ ಸಿಸ್ಟಮ್ ಗುಜರಿಗೆ ಹೋಯ್ತು. ಗುಜರಿಯವನು ತೂಕದ ಲೆಕ್ಕದಲ್ಲಿ ದುಡ್ಡು ಕೊಡ್ತೀನಿ ಅಂದ, ಹಾರ್ಡ್‌ಡಿಸ್ಕ್‌ಗೆ ಬೇರೆ ರೇಟ್ ಕೇಳ್ದೆ, ಕೊಡಲ್ಲ ಅಂದ, ಹಂಗಾದ್ರೆ ನಾನೂ ಕೊಡಲ್ಲ ಅಂತ ಬಿಚ್ಚಿ ಡ್ರಾಯರ್‌ಗೆ ಹಾಕ್ದೆ. ಅಲ್ಲೇ ಮರೆತೆ.

ಹೋದ ಬೇಸಿಗೆ ರಜೆಯಲ್ಲಿ ಮಗಳು ಅಂಗಡೀಲಿ ಕೂತಿದ್ಲು. ಸರ್ವರ್ ಡೌನ್, ನೆಟ್ಟೂ ಹೋಗಿತ್ತು, ಏಳನೇ ಕ್ಲಾಸಿನ ಹುಡುಗಿ ಕ್ರೋಮಲ್ಲಿ ಬರೋ ಆ ಡೈನೋಸಾರ್ ಗೇಮ್ ಆಡ್ಕೊಂಡ್ ಕೂತಿದ್ಲು, ಅದೇ 2014ರಲ್ಲಿ ಬಂದಿದ್ದು, ನೆಟ್ ಇಲ್ದಿದ್ದಾಗ ಸ್ಪೇಸ್ ಬಾರ್ ಒತ್ತಿದ್ರೆ ಕಳ್ಳಿಗಿಡ ಹಾರ್ಕೊಂಡ್ ಓಡುತ್ತಲ್ಲ. 'ಅಪ್ಪಾ, ಇದೊಂದೇ ನೋಡು ಆ್ಯಡ್ ಬರ್ದೇ ಇರೋ ಗೇಮು' ಅಂದ್ಲು. ಅವಳ ಫೋನ್ ಗೇಮ್ ನೋಡಿದೀನಿ, ಅರ್ಧ ನಿಮಿಷ ಆಟ, ಅರ್ಧ ನಿಮಿಷ ಆ್ಯಡು, ಆ ಆ್ಯಡ್ ಮುಚ್ಚೋ ಗುಣಾಕಾರ ಚಿಹ್ನೆ ಹುಡುಕೋದೇ ಇನ್ನೊಂದ್ ಆಟ. ಆಗ ಡ್ರಾಯರ್ ನೆನಪಾಯ್ತು.

ಐದ್ ಡಿಸ್ಕಲ್ಲಿ ಮೂರು ಖಾಲಿ ತರಾನೇ. ಮೇನ್ ಸಿಸ್ಟಮ್ಮಿಂದು 40 ಜಿಬಿಯ ಐಡಿಇ ಡಿಸ್ಕು, ಅಗಲ ಕೇಬಲ್ ಹಾಕ್ತೀವಲ್ಲ ಅದು. ಈಗಿನ ಸಿಸ್ಟಮ್ಮಲ್ಲಿ ಅದಕ್ಕೆ ಜಾಗಾನೇ ಇಲ್ಲ. ಚಿಂತಾಮಣೀಲಿ ಕೇಳಿದ ಕಡೆಯೆಲ್ಲಾ ನಕ್ರು, ಕೊನೆಗೆ ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಲ್ಲಿ ಐಡಿಇ ಟು ಯುಎಸ್‌ಬಿ ಕನ್ವರ್ಟರ್ ತಂದೆ. ಇಲ್ಲೊಂದ್ ಮಾತು, ನಿಮಗೂ ಬೇಕಾಗ್ಬೋದು: ಹಾಕಿದ್ ತಕ್ಷಣ ಡಿಸ್ಕ್ ಕಾಣ್ಲಿಲ್ಲ ಅಂದ್ರೆ ಸತ್ತೋಯ್ತು ಅನ್ಕೋಬೇಡಿ. ಹಿಂದೆ ಪಿನ್‌ಗಳ ಮೇಲೆ ಪುಟ್ಟ ಪ್ಲಾಸ್ಟಿಕ್ ಜಂಪರ್ ಇರುತ್ತೆ, ಡಿಸ್ಕ್ ಮೊದಲನೇದೋ (ಮಾಸ್ಟರ್) ಎರಡನೇದೋ (ಸ್ಲೇವ್) ಅಂತ ಹೇಳೋದು ಅದು, ನನ್ನದು ಸ್ಲೇವ್‌ನಲ್ಲಿತ್ತು, ಮಾಸ್ಟರ್‌ಗೆ ಹಾಕಿದ್ಮೇಲೆ ಬಂತು. ಡಿಸ್ಕ್ ತಿರುಗೋ ಸದ್ದು ಕೇಳಿ ನನಗೆ ಆ ಅಂಗಡಿಯ ಎಸಿ ಇಲ್ಲದ ಸೆಖೆನೂ ವಾಪಸ್ ಬಂದಂಗಾಯ್ತು. ಮೊದಲ ಕೆಲಸ, ಏನೂ ಓಪನ್ ಮಾಡ್ದೆ ಪೂರ್ತಿ ಫೋಲ್ಡರ್ ಕಾಪಿ ಮಾಡಿದ್ದು. 212 ಫೈಲು, ಎಲ್ಲಾ ಸೇರಿ 400 ಎಂಬಿ ಕೂಡ ಇಲ್ಲ. ಮಗಳ ಫೋನಿನ ಒಂದೇ ಗೇಮ್ ಇದಕ್ಕಿಂತ ಜಾಸ್ತಿ ಜಾಗ ತಿಂದಿದೆ. ಫ್ಲ್ಯಾಶಲ್ಲಿ ಚಿತ್ರಗಳನ್ನ ಹೆಚ್ಚಾಗಿ ಫೋಟೊ ತರ ಇಡ್ತಿರ್ಲಿಲ್ಲ, ಇಲ್ಲಿಂದ ಅಲ್ಲಿಗೆ ಗೆರೆ, ಒಳಗೆ ಈ ಬಣ್ಣ ಅಂತ ಲೆಕ್ಕದಲ್ಲಿ ಬರೆದಿಡ್ತಿದ್ರು, ಅದಕ್ಕೇ ಅಷ್ಟು ಚಿಕ್ಕದು.

ಡಬಲ್ ಕ್ಲಿಕ್ ಮಾಡಿದ್ರೆ ಏನೂ ಓಡ್ಲಿಲ್ಲ. ಓಡಲ್ಲ. 1996ರಲ್ಲಿ ಬೇರೆ ಹೆಸರಲ್ಲಿ ಹುಟ್ಟಿ, ಮ್ಯಾಕ್ರೋಮೀಡಿಯಾ ಕೈಗೆ ಹೋಗಿ, 2005ರಲ್ಲಿ ಅಡೋಬಿ ಕೈ ಸೇರಿದ ಈ ಫ್ಲ್ಯಾಶ್‌ನ 2020ರ ಡಿಸೆಂಬರ್ 31ಕ್ಕೆ ನಿಲ್ಲಿಸ್ತೀವಿ ಅಂತ ಅಡೋಬಿ 2017ರಲ್ಲೇ ಹೇಳಿತ್ತು. 2021ರ ಜನವರಿ 12ರಿಂದ ಪ್ಲೇಯರ್ ತಾನೇ ಗೇಮ್‌ಗಳನ್ನ ತಡೆಯೋಕ್ ಶುರು ಮಾಡ್ತು, ಅದೇ ತಿಂಗಳು ಕ್ರೋಮು, ಫೈರ್‌ಫಾಕ್ಸು ಎರಡೂ ಅದನ್ನ ಪೂರ್ತಿ ಕಿತ್ತಾಕಿದ್ವು. ಐಫೋನಲ್ಲಂತೂ ಅದು ಯಾವತ್ತೂ ಇರ್ಲೇ ಇಲ್ಲ, 2010ರಲ್ಲೇ ಆ್ಯಪಲ್‌ನ ಸ್ಟೀವ್ ಜಾಬ್ಸ್ ಉದ್ದಕ್ಕೆ ಪತ್ರ ಬರೆದು ಯಾಕೆ ಬೇಡ ಅಂತ ಹೇಳಿದ್ರು. ಬ್ಯಾಟರಿ, ಸೆಕ್ಯುರಿಟಿ ಅಂತ ಅವರು ಹೇಳಿದ್ದು ಸುಳ್ಳೇನಲ್ಲ, ನಮ್ ಅಂಗಡಿ ಸಿಸ್ಟಮ್‌ಗಳಿಗೆ ಎಷ್ಟೋ ವೈರಸ್ ಬಂದಿದ್ದು ಆ ದಾರೀಲೇ ಇರ್ಬೇಕು.

ಇಲ್ಲಿ ನಾನೊಂದ್ ದಡ್ಡ ಕೆಲಸ ಮಾಡ್ದೆ. 'ಹಳೇ ಫ್ಲ್ಯಾಶ್ ಪ್ಲೇಯರ್ ಡೌನ್‌ಲೋಡ್' ಅಂತ ಹುಡುಕಿ ಮೊದಲು ಸಿಕ್ಕಿದ್ ಯಾವುದೋ ಸೈಟಿಂದ ಇಳಿಸಿ ಇನ್‌ಸ್ಟಾಲ್ ಮಾಡ್ದೆ. ಗೇಮ್ ಬರ್ಲಿಲ್ಲ, ಬ್ರೌಸರ್ ಹೋಮ್‌ಪೇಜ್ ಬದಲಾಯ್ತು, ಪಹಣಿ ತೆಗೆಯೋಕ್ ಹೋದ್ರೆ ಲಾಟರಿ ಆ್ಯಡು. ಅಂಗಡಿ ಕೆಲಸದ ಸಿಸ್ಟಮ್ಮು ಅದು, ಜನರ ಆಧಾರ್ ಕಾರ್ಡ್ ಸ್ಕ್ಯಾನ್ ಎಲ್ಲಾ ಇರೋದು. ಒಂದ್ ದಿನ ಅಂಗಡಿ ಮುಚ್ಚಿ ವಿಂಡೋಸ್ ಹೊಸದಾಗಿ ಹಾಕ್ದೆ. ದಯವಿಟ್ಟು ಆ ತಪ್ಪು ಮಾಡ್ಬೇಡಿ.

ಸರಿಯಾದ ದಾರಿ ರಫಲ್. ಇದು ಫ್ಲ್ಯಾಶ್ ಅಲ್ಲ, ಫ್ಲ್ಯಾಶ್ ತರ ನಟಿಸೋ ಎಮ್ಯುಲೇಟರು, ರಸ್ಟ್ ಅನ್ನೋ ಭಾಷೇಲಿ ಬರೆದಿರೋದು, ಪುಕ್ಸಟ್ಟೆ. ಬ್ರೌಸರ್ ಒಳಗೇ ಪ್ರೋಗ್ರಾಮ್ ಓಡಿಸೋ ವೆಬ್‌ಅಸೆಂಬ್ಲಿ ಅನ್ನೋದರ ಮೂಲಕ ಓಡುತ್ತೆ, ಹಂಗಾಗಿ ಹಳೇ ಪ್ಲಗಿನ್ ತರ ಇಡೀ ಸಿಸ್ಟಮ್ಮಿಗೆ ಬಾಗಿಲು ತೆಗೆದಿಡಲ್ಲ. ಹಳೇ ವೆಬ್‌ಸೈಟು, ಪುಸ್ತಕ ಎಲ್ಲಾ ಕಾಪಾಡಿಡೋ ಇಂಟರ್‌ನೆಟ್ ಆರ್ಕೈವ್‌ನೋರು 2020ರ ನವೆಂಬರಲ್ಲಿ ಫ್ಲ್ಯಾಶ್ ಸಂಗ್ರಹ ಶುರು ಮಾಡಿದ್ದೂ ಇದನ್ನೇ ಇಟ್ಕೊಂಡು. ಫ್ಲ್ಯಾಶ್‌ಪಾಯಿಂಟ್ ಅಂತ ಇನ್ನೊಂದಿದೆ, ಅದರಲ್ಲಿ ಲೋಕದ ಗೇಮೆಲ್ಲಾ ಇದೆ, ಪೂರ್ತಿ ಇಳಿಸ್ಬೇಕಂದ್ರೆ ಸಾವಿರ ಜಿಬಿ ದಾಟುತ್ತೆ. ನನಗೆ ನನ್ನ 212 ಸಾಕಿತ್ತು.

ಒಂದೊಂದ್ ಫೈಲ್ ನೋಡೋಕೆ ರಫಲ್‌ನ ಡೆಸ್ಕ್‌ಟಾಪ್ ಆ್ಯಪ್ ಸಾಕು, ಎಳೆದು ಬಿಟ್ರೆ ಓಡುತ್ತೆ. ಆದ್ರೆ ನನಗೆ ಹಳೇ ತರಾನೇ ಬೇಕಿತ್ತು, ಒಂದ್ ಪೇಜು, ಅದರಲ್ಲಿ ಗೇಮ್ ಲಿಸ್ಟು, ಕ್ಲಿಕ್ ಮಾಡಿದ್ರೆ ಆಟ. ಒಂದು ಎಚ್‌ಟಿಎಂಎಲ್ ಪೇಜ್ ಬರೆದು ರಫಲ್ ಫೈಲ್‌ಗಳನ್ನ ಪಕ್ಕದಲ್ಲೇ ಇಟ್ಟೆ. ಡಬಲ್ ಕ್ಲಿಕ್ ಮಾಡಿ ಓಪನ್ ಮಾಡಿದ್ರೆ ಎರರ್, ಎರಡ್ ದಿನ ತಲೆ ಕೆಡಿಸ್ಕೊಂಡೆ. ಫೋಲ್ಡರಿಂದ ನೇರ ತೆಗೆದ ಪೇಜ್‌ಗೆ ಪಕ್ಕದ ಫೈಲ್ ಮುಟ್ಟೋಕೆ ಬ್ರೌಸರ್ ಬಿಡಲ್ಲ, ಸರ್ವರಿಂದ ಬಂದ್ರೆ ಮಾತ್ರ ಬಿಡುತ್ತೆ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಸಾಫ್ಟ್‌ವೇರ್ ಹಾಕಿ ಅದರ ಜೊತೆ ಬರೋ ಪುಟ್ಟ ಸರ್ವರ್‌ನ ಒಂದೇ ಸಾಲಿನ ಕಮಾಂಡಲ್ಲಿ ಆನ್ ಮಾಡ್ದೆ, ಅಷ್ಟೇ. ವಿಂಡೋಸ್ ಫೈರ್‌ವಾಲ್ ಕೇಳಿದಾಗ ಹೂಂ ಅಂದ್ರೆ ಅದೇ ವೈಫೈಲಿರೋ ಫೋನಲ್ಲೂ ಪೇಜ್ ತೆಗೀಬೋದು. ಮೌಸ್ ಗೇಮ್‌ಗಳು ಫೋನಲ್ಲಿ ಬೆರಳಲ್ಲೇ ಆಡ್ಬೋದು, ಬಾಣದ ಕೀ ಬೇಕಾಗೋವು ಆಗಲ್ಲ, ಅದಕ್ಕೆ ಫೋನಿಗೆ ಒಟಿಜಿ ಅಡಾಪ್ಟರ್ ಹಾಕಿ ಯುಎಸ್‌ಬಿ ಕೀಬೋರ್ಡ್ ಚುಚ್ಚಿದ್ವಿ.

ಮಜಾ ಅಂದ್ರೆ ಸಿಸ್ಟಮ್ಮಲ್ಲಿ 'ಬಲೂನ್' ಒಬ್ಬರೇ ಆಡಿದ್ರೆ ಓಡುತ್ತೆ, ಇಬ್ಬರು ಆಡಿದ್ರೆ ಎರಡನೆಯೋನು ಕಲ್ಲು ನಿಂತಂಗೆ ನಿಲ್ತಾನೆ. ರಫಲ್‌ದೇ ತೊಂದ್ರೆ ಅಂತ ಬೈಕೊಂಡೆ. ನೋಡಿದ್ರೆ ಬೆಳಿಗ್ಗೆ ಯಾರದೋ ಅರ್ಜಿ ಟೈಪ್ ಮಾಡಿ ನುಡಿ (ಕನ್ನಡ ಟೈಪ್ ಮಾಡೋ ಸಾಫ್ಟ್‌ವೇರ್) ಆಫ್ ಮಾಡೋದನ್ನ ನಾನೇ ಮರೆತಿದ್ದೆ, ಎರಡನೆಯೋನು ಒತ್ತೋ ಅಕ್ಷರದ ಕೀಗಳೆಲ್ಲಾ ಕನ್ನಡ ಬರೀತಿದ್ವು. ಸ್ಕ್ರೋಲ್ ಲಾಕ್ ಒತ್ತಿ ನುಡಿ ಆಫ್ ಮಾಡಿದ್ ತಕ್ಷಣ ಅವನಿಗೂ ಜೀವ ಬಂತು.

212ರಲ್ಲಿ 150 ಚಿಲ್ಲರೆ ಮೊದಲನೇ ಸಲಕ್ಕೇ ಓಡಿದ್ವು. ಉಳಿದಿದ್ರಲ್ಲಿ ಮೂರ್ ತರ ರಗಳೆ. ಕೆಲವು 2006ರಲ್ಲಿ ಬಂದ ಆ್ಯಕ್ಷನ್‌ಸ್ಕ್ರಿಪ್ಟ್ 3 (ಫ್ಲ್ಯಾಶ್‌ನ ಪ್ರೋಗ್ರಾಮಿಂಗ್ ಭಾಷೆ) ಅನ್ನೋದರಲ್ಲಿ ಬರೆದಿರೋವು, ರಫಲ್‌ಗೆ ಹಳೇ ಆ್ಯಕ್ಷನ್‌ಸ್ಕ್ರಿಪ್ಟ್ ನೀರು ಕುಡಿದಷ್ಟು ಸಲೀಸು, ಇದು ಇನ್ನೂ ಕೆಲವೆಡೆ ಎಡವುತ್ತೆ, ಆದ್ರೆ ಹೊಸ ವರ್ಷನ್ ಹಾಕಿದಾಗೆಲ್ಲಾ ಒಂದೆರಡು ಜಾಸ್ತಿ ಓಡುತ್ತೆ. ಇನ್ ಕೆಲವು, ತಾನು ಯಾವ ಸೈಟಲ್ಲಿದೀನಿ ಅಂತ ನೋಡ್ಕೊಳ್ಳುತ್ತೆ, ತನ್ನ ಸೈಟ್ ಅಲ್ಲ ಅಂದ್ರೆ ಮುಖ ತಿರುಗಿಸಿ ಖಾಲಿ ಸ್ಕ್ರೀನ್. ಮೂರನೇದು ನನ್ನದೇ ತಪ್ಪು. ಕೆಲವು ಗೇಮ್ ಒಂದೇ ಫೈಲ್ ಅಲ್ಲ, ಒಂದೊಂದ್ ಲೆವೆಲ್‌ಗೂ ಬೇರೆ ಫೈಲ್ ತರಿಸ್ಕೊಳ್ಳುತ್ತೆ, ನಾನು ಆಗ ಮೊದಲನೇದು ಮಾತ್ರ ಕಾಪಿ ಮಾಡಿದ್ದೆ. ಹುಡುಗ್ರು ಎಷ್ಟನೇ ಲೆವೆಲ್‌ವರೆಗೆ ಆಡಿದ್ರೋ ಅಷ್ಟೇ ನನ್ ಹತ್ರ ಇರೋಕ್ ಸಾಧ್ಯ ಇತ್ತು, ಅದನ್ನೂ ತಗೊಂಡಿಲ್ಲ.

ಆಮೇಲೆ ಒಂದ್ ದಿನ ಅದೇ ಡಿಸ್ಕಲ್ಲಿ ಅಪ್ಲಿಕೇಷನ್ ಡೇಟಾ ಒಳಗೆ ಮ್ಯಾಕ್ರೋಮೀಡಿಯಾ ಫೋಲ್ಡರ್ ಕಣ್ಣಿಗೆ ಬಿತ್ತು. ಅದರಲ್ಲಿ ಎಸ್‌ಒಎಲ್ ಅಂತ ಪುಟ್ಟ ಪುಟ್ಟ ಫೈಲು. ಫ್ಲ್ಯಾಶ್ ಗೇಮ್‌ಗಳು ಸ್ಕೋರು, ಸೇವ್ ಎಲ್ಲಾ ಅದರಲ್ಲೇ ಬರೆದಿಡ್ತಿದ್ವು. ರಫಲಲ್ಲಿ ರೈಟ್ ಕ್ಲಿಕ್ ಮಾಡಿದ್ರೆ ಸೇವ್ ಮ್ಯಾನೇಜರ್ ಬರುತ್ತೆ, ಒಂದ್ಸಲ ಆಡಿ ಹೊಸ ಸೇವ್ ಆದ್ಮೇಲೆ ಅದರ ಜಾಗದಲ್ಲಿ ಹಳೇ ಫೈಲ್ ಇಡ್ಬೋದು. ಒಂದು ಬೈಕ್ ಗೇಮ್‌ಗೆ ಹಂಗೆ ಮಾಡ್ದೆ. ಹೈಸ್ಕೋರ್ ಪಟ್ಟಿ ತೆಗೆದ್ರೆ ಹತ್ತರಲ್ಲಿ ಏಳು ಕಡೆ 'ಡಾನ್', 'ಡಾನ್', 'ಡಾನ್'. ಫೈಲ್ ತಾರೀಖು 2009.

ಡಾನ್ ಯಾರು ಅಂತ ನನಗೆ ಗೊತ್ತು. ಈಗ ಟೊಮ್ಯಾಟೊ ಮಂಡೀಲಿ ವ್ಯಾಪಾರ, ತಿಂಗಳಿಗೆರಡು ಸಲ ಬಿಲ್ ಪ್ರಿಂಟ್‌ಗೆ ಬರ್ತಾನೆ, ದುಡ್ಡು ಸ್ಕ್ಯಾನ್ ಮಾಡಿ ಹಾಕಿ ಫೋನಿಂದ ಕಣ್ಣೆತ್ತದೇ ಹೋಗ್ತಾನೆ. ಆ ಸಲ ಬಂದಾಗ ಮಾನಿಟರ್ ತಿರುಗಿಸಿ ತೋರಿಸ್ದೆ.

'ಇದೇನಣ್ಣಾ?'

'ನೀನೇ ನೋಡಪ್ಪಾ.'

ಸ್ವಲ್ಪ ಹೊತ್ತು ಸುಮ್ನೆ ನೋಡ್ದ. ಆಮೇಲೆ ಅವನು ಕೇಳಿದ್ದು ಸ್ಕೋರ್ ಬಗ್ಗೆ ಅಲ್ಲ. 'ಮೂರನೇ ಜಾಗದಲ್ಲಿ ಬೇರೆ ಹೆಸರಿದೆಯಲ್ಲಾ, ಅವತ್ತು ಅವನು ಅದನ್ನ ಹೊಡೆದಿದ್ದು ನಾನ್ ಇಲ್ದಿರೋವಾಗ, ನಾನು ನಂಬಿರ್ಲಿಲ್ಲ' ಅಂದ. ಸ್ಟೂಲ್ ಎಳ್ಕೊಂಡ್ ಕೂತ. ಹೊರಗೆ ಅವನ ಗಾಡಿ ಡ್ರೈವರ್ ಎರಡ್ ಸಲ ಹಾರ್ನ್ ಹೊಡೆದ್ರೂ ಏಳ್ಲಿಲ್ಲ, ಮೂರನೇ ಜಾಗ ದಾಟೋಕೂ ಆಗ್ಲಿಲ್ಲ, ಕೀಬೋರ್ಡ್ ಸರಿಯಿಲ್ಲ ಅಂತ ನನ್ನನ್ನ ಬೈದು ಹೋದ. 2009ರಲ್ಲೂ ಅದನ್ನೇ ಹೇಳ್ತಿದ್ದ.

ಈಗ ಮೂರ್ ಪೆನ್‌ಡ್ರೈವಲ್ಲಿ ಕಾಪಿ ಇಟ್ಟಿದೀನಿ, ಮಗಳ ಲ್ಯಾಪ್‌ಟಾಪಲ್ಲಿ ಒಂದು. ಡ್ರಾಯರಲ್ಲಿ ಇನ್ನೊಂದ್ ಡಿಸ್ಕ್ ಉಳಿದಿದೆ, ನಾಲ್ಕನೇ ಸಿಸ್ಟಮ್ಮಿಂದು, ಕಿಟಕಿ ಪಕ್ಕದ್ದು, ಹುಡುಗ್ರು ಅದಕ್ಕೇ ಜಗಳ ಆಡೋರು. ಕರೆಂಟ್ ಕೊಟ್ರೆ ಟಿಕ್ ಟಿಕ್ ಅನ್ನುತ್ತೆ, ತಿರುಗಲ್ಲ. ಬೆಂಗಳೂರಲ್ಲಿ ರಿಕವರಿ ಮಾಡೋರನ್ನ ಕೇಳ್ದೆ, ಅವರು ಹೇಳಿದ ರೇಟಿಗೆ ಹೊಸ ಜೆರಾಕ್ಸ್ ಮೆಷಿನ್‌ಗೆ ಅಡ್ವಾನ್ಸ್ ಕಟ್ಬೋದು. ಸದ್ಯಕ್ಕೆ ಪೇಪರಲ್ಲಿ ಸುತ್ತಿ ವಾಪಸ್ ಡ್ರಾಯರ್‌ಗೇ ಹಾಕಿದೀನಿ.